ನೆತ್ತಿಗೆ ಹತ್ತಿದಾಗ: ಪಾರ್ಕಿನ್ಸನ್ ಇರುವವರ ಕೆಮ್ಮು, ಉಸಿರುಕಟ್ಟು ಮತ್ತು ಮನೆಯವರು ತಿಳಿದಿರಬೇಕಾದದ್ದು

ಮಧ್ಯಾಹ್ನ ಊಟಕ್ಕೆ ಕೂತ ಅಪ್ಪನಿಗೆ ಎರಡನೇ ತುತ್ತಿಗೇ ನೆತ್ತಿಗೆ ಹತ್ತಿತು. ಅಮ್ಮ ಓಡಿ ಬಂದು ತಲೆ ತಟ್ಟುತ್ತಾ "ಯಾರೋ ನೆನಸ್ಕೋತಿದಾರೆ" ಅಂದರು. ನಾನು ನೀರಿನ ಲೋಟವನ್ನು ಅಪ್ಪನ ಬಾಯಿಗೆ ಹಿಡಿದೆ. ನೀರು ಒಳಗೆ ಹೋದದ್ದೇ ತಡ, ಕೆಮ್ಮು ಇನ್ನೂ ಜೋರಾಯಿತು. ಮುಖ ಕೆಂಪೇರಿತು, ಕಣ್ಣಲ್ಲಿ ನೀರು ತುಂಬಿತು, ತಟ್ಟೆಯ ಅಂಚನ್ನು ಹಿಡಿದಿದ್ದ ಕೈ ನಡುಗುತ್ತಲೇ ಇತ್ತು. ಹತ್ತು ನಿಮಿಷ ಕಳೆದ ಮೇಲೆ ಎಲ್ಲ ಶಾಂತವಾಯಿತು. ಆದರೆ ಅಪ್ಪ ಆಮೇಲೆ ಅನ್ನ ಮುಟ್ಟಲಿಲ್ಲ.

ಅಪ್ಪನಿಗೆ ಪಾರ್ಕಿನ್ಸನ್ ಕಾಯಿಲೆ ಶುರುವಾಗಿ ಆಗ ಆರು ವರ್ಷವಾಗಿತ್ತು. ಕೈ ನಡುಕ, ಕಾಲೆಳೆಯುವ ನಡಿಗೆ, ಸಣ್ಣಗಾಗುತ್ತಾ ಹೋದ ಅಕ್ಷರ, ಇವೆಲ್ಲ ನಮಗೆ ಗೊತ್ತಿದ್ದವು. ಈ ಕಾಯಿಲೆ ಗಂಟಲಿಗೂ ಇಳಿಯುತ್ತದೆ ಎಂಬುದು ಗೊತ್ತಿರಲಿಲ್ಲ. ಅವತ್ತು ನಾವು ಪ್ರೀತಿಯಿಂದಲೇ ಮಾಡಿದ ಎರಡು ಕೆಲಸಗಳಲ್ಲಿ ತಲೆ ತಟ್ಟಿದ್ದರಿಂದ ಪ್ರಯೋಜನವಿರಲಿಲ್ಲ, ನೀರು ಕುಡಿಸಿದ್ದು ಅಪಾಯವೇ ಆಗಿತ್ತು. ಈಗಷ್ಟೇ ಇಂಥ ಕೆಮ್ಮನ್ನು ಮನೆಯಲ್ಲಿ ಕೇಳತೊಡಗಿರುವವರಿಗಾಗಿ, ಆಮೇಲೆ ವೈದ್ಯರಿಂದ ಮತ್ತು ನುಂಗುವ ಚಿಕಿತ್ಸೆಯ ತಜ್ಞರಿಂದ ಕಲಿತದ್ದನ್ನು ಬಿಡಿಸಿ ಬರೆಯುತ್ತಿದ್ದೇನೆ.

ನೆತ್ತಿಗಲ್ಲ, ಉಸಿರಿನ ಕೊಳವೆಗೆ

"ನೆತ್ತಿಗೆ ಹತ್ತಿತು" ಎಂಬ ಮಾತು ಕನ್ನಡದವರ ಬಾಯಲ್ಲಿ ಎಷ್ಟು ಸಹಜವೆಂದರೆ, ಅನ್ನ ನಿಜವಾಗಿಯೂ ತಲೆ ಕಡೆಗೇ ಹೋಯಿತೇನೋ ಅನ್ನುವ ಹಾಗೆ ನೆತ್ತಿ ತಟ್ಟುತ್ತೇವೆ. ಅದು ಹೋಗಿರುವುದು ಕೆಳಕ್ಕೆ, ತಪ್ಪು ದಾರಿಯಲ್ಲಿ. ಗಂಟಲಿನಲ್ಲಿ ಎರಡು ಕೊಳವೆಗಳಿವೆ. ಮುಂದಿನದು ಶ್ವಾಸನಾಳ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಹಿಂದಿನದು ಅನ್ನನಾಳ, ಅದು ಹೊಟ್ಟೆಗೆ ಹೋಗುತ್ತದೆ. ಆದರೆ ಬಾಯಿಂದ ಅಲ್ಲಿಯವರೆಗೆ ಗಾಳಿಗೂ ಅನ್ನಕ್ಕೂ ಇರುವುದು ಒಂದೇ ದಾರಿ.

ರೈಲ್ವೆ ಗೇಟನ್ನು ನೆನಪಿಸಿಕೊಳ್ಳಿ. ರಸ್ತೆಯಲ್ಲಿ ವಾಹನ ಓಡಾಡುತ್ತಲೇ ಇರುತ್ತವೆ, ಅದು ನಮ್ಮ ಉಸಿರು. ಆಗಾಗ ಒಂದು ರೈಲು ಬರುತ್ತದೆ, ಅದು ತುತ್ತು. ರೈಲು ಬರುವ ಮೊದಲು ಗೇಟು ಬೀಳಬೇಕು, ವಾಹನ ನಿಲ್ಲಬೇಕು, ರೈಲು ದಾಟಿದ ಮೇಲೆ ಗೇಟು ಏಳಬೇಕು. ಕುತ್ತಿಗೆಯ ಮುಂದಿನ ಗಟ್ಟಿ ಉಬ್ಬಿನ ಮೇಲೆ ಬೆರಳಿಟ್ಟು ಒಮ್ಮೆ ಉಗುಳು ನುಂಗಿ ನೋಡಿ. ಅದು ಸರಕ್ಕನೆ ಮೇಲಕ್ಕೆ ಹೋಗಿ ಕೆಳಗಿಳಿಯುತ್ತದೆ. ಆ ಒಂದು ಕ್ಷಣದಲ್ಲಿ ಉಸಿರು ನಿಂತಿದೆ, ಧ್ವನಿತಂತುಗಳು ಬಿಗಿಯಾಗಿ ಮುಚ್ಚಿವೆ, ಕಿರುನಾಲಗೆಯಂಥ ಮುಚ್ಚಳವೊಂದು ಶ್ವಾಸನಾಳದ ಬಾಯಿಯ ಮೇಲೆ ಬಾಗಿದೆ, ಹಿಂದೆ ಅನ್ನನಾಳ ತೆರೆದುಕೊಂಡಿದೆ. ಇಷ್ಟೆಲ್ಲ ನಡೆಯುವುದು ಸುಮಾರು ಒಂದು ಸೆಕೆಂಡಿನಲ್ಲಿ. ಬಾಯಿ, ನಾಲಗೆ, ಗಂಟಲಿನ ಸುಮಾರು ಮೂವತ್ತು ಜೋಡಿ ಸ್ನಾಯುಗಳು ಒಂದರ ಹಿಂದೊಂದು ಸರಿಯಾದ ಹೊತ್ತಿಗೆ ಕೆಲಸ ಮಾಡಿದರೆ ಮಾತ್ರ ಇದು ಸಾಧ್ಯ.

ಗೇಟು ಬೀಳುವುದು ಒಂದು ಚೂರು ತಡವಾದರೂ ಅನ್ನವೋ ನೀರೋ ಶ್ವಾಸನಾಳದ ಬಾಯಿಗೆ ತಗಲುತ್ತದೆ. ಕೂಡಲೇ ದೇಹ ಗಾಳಿಯನ್ನು ಜೋರಾಗಿ ಹೊರಕ್ಕೆ ನೂಕಿ ಅದನ್ನು ಎತ್ತಿ ಬಿಸಾಡುತ್ತದೆ. ಅದೇ ಕೆಮ್ಮು.

ನೀರು ಕುಡಿದಾಗ ಕೆಮ್ಮು ಹೆಚ್ಚಾಗಲು ಕಾರಣವೂ ಇಲ್ಲೇ ಇದೆ. ನೀರು ಬಲು ವೇಗದ ರೈಲು. ನಾಲಗೆಯಿಂದ ಜಾರಿದರೆ ಗೇಟಿಗೆ ಕಾಯುವುದಿಲ್ಲ. ಇಡ್ಲಿ ನುಂಗಬಲ್ಲವರು ನೀರಿಗೆ ಕೆಮ್ಮುವುದನ್ನು ಕಂಡು "ಇದೇನು ನಾಟಕ" ಎಂದುಕೊಂಡ ಮನೆಯವರಿದ್ದಾರೆ. ಅದು ನಾಟಕವಲ್ಲ, ಗೇಟು ನಿಧಾನವಾಗಿದೆ ಎಂಬುದರ ಮೊದಲ ಸುಳಿವು.

ಕೈ ನಡುಗಿಸುವ ಕಾಯಿಲೆ ಗಂಟಲಿಗೆ ಹೇಗೆ ಬಂತು?

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯನ್ನು ಮೊದಲ ಬಾರಿಗೆ ವಿವರವಾಗಿ ಬರೆದಾಗಲೇ ನುಂಗಲು ಕಷ್ಟವಾಗುವುದನ್ನೂ ಬಾಯಿಂದ ಜೊಲ್ಲು ಸುರಿಯುವುದನ್ನೂ ಗುರುತಿಸಿದ್ದರು. ಕಾಯಿಲೆಯ ಹೆಸರಿನ ಜೊತೆ ನಡುಕವೊಂದೇ ಜನರ ಮನಸ್ಸಿನಲ್ಲಿ ಉಳಿದುಕೊಂಡಿದೆ.

ಮಿದುಳಿನ ಆಳದಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಕೋಶಗಳಿವೆ. ಪಾರ್ಕಿನ್ಸನ್‌ನಲ್ಲಿ ಅವು ವರ್ಷಗಳ ಕಾಲ ಸಾಯುತ್ತಾ ಹೋಗುತ್ತವೆ. ನಾವು ಯೋಚಿಸದೆ ಮಾಡುವ ಚಲನೆಗಳು, ಅಂದರೆ ನಡೆಯುವಾಗ ಕೈ ಬೀಸುವುದು, ರೆಪ್ಪೆ ಬಡಿಯುವುದು, ಬಾಯಲ್ಲಿ ಊರಿದ ಉಗುಳನ್ನು ಆಗಾಗ ನುಂಗುವುದು, ಇವೆಲ್ಲ ಇದರಿಂದ ನಿಧಾನವಾಗುತ್ತವೆ, ಕಡಿಮೆಯಾಗುತ್ತವೆ. ನಾಲಗೆ ತುತ್ತನ್ನು ಹಿಂದಕ್ಕೆ ತಳ್ಳುವ ಬದಲು ಹಿಂದೆ ಮುಂದೆ ಉರುಳಿಸುತ್ತಾ ಕೂರುತ್ತದೆ. ಗಂಟಲಿನ ಗೋಡೆಗಳು ಪೂರ್ತಿ ಹಿಂಡದೆ ಸ್ವಲ್ಪ ಅನ್ನ ಅಲ್ಲೇ ಉಳಿಯುತ್ತದೆ, ಮುಂದಿನ ಉಸಿರಿನ ಜೊತೆ ಒಳಗೆ ಜಾರುತ್ತದೆ. ಎದೆಯ ಸ್ನಾಯುಗಳೂ ಬಿಗಿಯಾಗಿರುವುದರಿಂದ ಕೆಮ್ಮಿನ ಕಸುವು ತಗ್ಗಿರುತ್ತದೆ.

ಜೊಲ್ಲಿನ ವಿಷಯದಲ್ಲಿ ತುಂಬ ಜನ ತಪ್ಪು ತಿಳಿಯುತ್ತಾರೆ. ಉಗುಳು ಹೆಚ್ಚು ಉತ್ಪತ್ತಿಯಾಗುತ್ತಿದೆ ಅನ್ನಿಸುತ್ತದೆ, ಸಾಮಾನ್ಯವಾಗಿ ಹಾಗಿರುವುದಿಲ್ಲ. ಎಲ್ಲರ ಬಾಯಲ್ಲೂ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಉಗುಳು ಊರುತ್ತದೆ, ನಾವು ಗೊತ್ತಿಲ್ಲದೆ ನುಂಗುತ್ತಿರುತ್ತೇವೆ. ಪಾರ್ಕಿನ್ಸನ್ ಇರುವವರು ನುಂಗುವುದು ಕಡಿಮೆ. ಹಾಗಾಗಿ ಅದು ಹೊರಗೆ ಸುರಿಯುತ್ತದೆ, ಇಲ್ಲವೇ ಹಿಂದಕ್ಕೆ ಜಾರಿ ಊಟವಿಲ್ಲದ ಹೊತ್ತಿನಲ್ಲೂ ಕೆಮ್ಮಿಸುತ್ತದೆ.

ಬೇರೆ ನರಕಾಯಿಲೆಗಳಲ್ಲಿ ತೊಂದರೆಯ ಬಗೆ ಬೇರೆ. ಮೋಟಾರ್ ನ್ಯೂರಾನ್ ಕಾಯಿಲೆಯಲ್ಲಿ ಸ್ನಾಯುಗಳೇ ಸೊರಗುತ್ತವೆ, ಅರಿವು ಬಹುಮಟ್ಟಿಗೆ ಚೆನ್ನಾಗಿಯೇ ಇರುತ್ತದೆ. ಆಲ್ಝೈಮರ್ ಮುಂದುವರಿದವರು ತುತ್ತನ್ನು ಕೆನ್ನೆಯಲ್ಲಿ ಇಟ್ಟುಕೊಂಡು ನುಂಗುವುದನ್ನೇ ಮರೆಯುತ್ತಾರೆ. ಪಾರ್ಕಿನ್ಸನ್ ಥರವೇ ಕಾಣುವ ಪಿಎಸ್‌ಪಿ ಎಂಬ ಕಾಯಿಲೆಯಲ್ಲಿ ಒಂದು ತುತ್ತು ಇಳಿಯುವ ಮೊದಲೇ ಇನ್ನೊಂದನ್ನು ತುರುಕಿಕೊಳ್ಳುವ ಆತುರ ಬರುತ್ತದೆ. ಅಂಥವರ ಮುಂದೆ ತುಂಬಿದ ತಟ್ಟೆ ಇಡದೆ ಸಣ್ಣ ಬಟ್ಟಲಲ್ಲಿ ಸ್ವಲ್ಪ ಸ್ವಲ್ಪವೇ ಬಡಿಸಬೇಕು.

ಕೆಮ್ಮು ನಿಂತಿತೆಂದು ನೆಮ್ಮದಿಪಡಬೇಡಿ

ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ ಎಂದು ಕೇಳಿಕೊಳ್ಳುತ್ತೇನೆ. ಕೆಮ್ಮು ಕಾವಲುಗಾರ. ಹೆದರಬೇಕಾದದ್ದು ಕಾವಲುಗಾರ ನಿದ್ದೆಹೋದಾಗ.

ಕಾಯಿಲೆ ಮುಂದುವರಿದ ಹಾಗೆ ಗಂಟಲಿನ ಒಳಮೈಯ ಸೂಕ್ಷ್ಮತೆ ಕಡಿಮೆಯಾಗುತ್ತದೆ. ನೀರು ಶ್ವಾಸನಾಳಕ್ಕೆ ಇಳಿದರೂ ಕೆಮ್ಮು ಬರುವುದೇ ಇಲ್ಲ. ಇದಕ್ಕೆ ವೈದ್ಯರು ಸೈಲೆಂಟ್ ಆಸ್ಪಿರೇಷನ್ ಅನ್ನುತ್ತಾರೆ, ಸದ್ದಿಲ್ಲದೆ ಒಳಗೆ ಸೇರುವುದು ಎಂದರ್ಥ. ಅನ್ನ, ನೀರು, ಉಗುಳಿನ ಜೊತೆ ಬಾಯಿಯ ಬ್ಯಾಕ್ಟೀರಿಯಾಗಳೂ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗಬಹುದು. ಪಾರ್ಕಿನ್ಸನ್ ಇರುವವರ ಸಾವಿಗೆ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಹಾಗಾಗಿ ಕೆಮ್ಮಲ್ಲದೆ ಬೇರೆ ಗುರುತುಗಳ ಮೇಲೂ ಕಣ್ಣಿರಬೇಕು. ಉಂಡಾದ ಮೇಲೆ ದನಿ ಒದ್ದೆಯಾದಂತೆ, ಗಂಟಲಲ್ಲಿ ನೀರು ನಿಂತು ಗೊರಗೊರ ಅಂದಂತೆ ಕೇಳುತ್ತದೆಯೇ? ಅರ್ಧ ಗಂಟೆಯ ಊಟ ಒಂದು ಗಂಟೆಗೆ ಎಳೆಯುತ್ತಿದೆಯೇ? ತೂಕ ಇಳಿಯುತ್ತಿದೆಯೇ? ಮಾತ್ರೆ ಗಂಟಲಲ್ಲೇ ನಿಲ್ಲುತ್ತಿದೆಯೇ? ಪದೇಪದೇ ಸಣ್ಣ ಜ್ವರ ಬಂದು ಹೋಗುತ್ತಿದೆಯೇ? ನಾವು ಅಪ್ಪನನ್ನು ಊಟವಾದ ಮೇಲೆ "ಆ…" ಅನ್ನಲು ಹೇಳುತ್ತೇವೆ. ದನಿ ಒದ್ದೆಯಿದ್ದರೆ ಗಂಟಲು ಸರಿ ಮಾಡಿಕೊಂಡು ಇನ್ನೊಮ್ಮೆ ಬರಿದೇ ನುಂಗುತ್ತಾರೆ. ಐದು ಸೆಕೆಂಡಿನ ಕೆಲಸ, ಆದರೆ ತುಂಬ ಸಲ ಇದೇ ನಮ್ಮನ್ನು ಎಚ್ಚರಿಸಿದೆ.

ಕೆಮ್ಮು ಅಡಗಿಸುವ ಸಿರಪ್ಪನ್ನು ವೈದ್ಯರನ್ನು ಕೇಳದೆ ಕೊಡುವುದು ಕಾವಲುಗಾರನಿಗೆ ನಿದ್ದೆಗುಳಿಗೆ ಕೊಟ್ಟಂತೆ. ಎಲ್ಲ ಕೆಮ್ಮೂ ನುಂಗುವ ತೊಂದರೆಯದೇ ಅಲ್ಲ ಎಂಬುದೂ ನಿಜ. ರಕ್ತದೊತ್ತಡದ ಕೆಲವು ಮಾತ್ರೆಗಳು, ಉದಾಹರಣೆಗೆ ಎನಲಾಪ್ರಿಲ್, ರಾಮಿಪ್ರಿಲ್, ಒಣ ಕೆಮ್ಮು ತರಬಲ್ಲವು. ಹೊಟ್ಟೆಯ ಆಮ್ಲ ಮೇಲಕ್ಕೆ ಬಂದರೂ ಕೆಮ್ಮು ಬರುತ್ತದೆ. ಅದಕ್ಕೇ ಯಾವಾಗ ಕೆಮ್ಮಿದರು, ಏನು ತಿನ್ನುವಾಗ ಅಥವಾ ಕುಡಿಯುವಾಗ, ಕೂತಿದ್ದರೋ ಮಲಗಿದ್ದರೋ ಎಂದು ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ವೈದ್ಯರಿಗೆ ತೋರಿಸಿ. ಊಟದ ಹೊತ್ತಿನ ಒಂದು ಸಣ್ಣ ಮೊಬೈಲ್ ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು.

ಯಾರ ಹತ್ತಿರ ಹೋಗಬೇಕು?

ನರರೋಗ ತಜ್ಞರು ಕಾಯಿಲೆ ನೋಡುತ್ತಾರೆ. ನುಂಗುವುದನ್ನು ಪರೀಕ್ಷಿಸಿ ಕಲಿಸುವವರು ವಾಕ್ ಚಿಕಿತ್ಸಕರು, ಸ್ಪೀಚ್ ಥೆರಪಿಸ್ಟ್ ಎಂದು ಆಸ್ಪತ್ರೆಗಳಲ್ಲಿ ಕರೆಯುವವರು. ಮಾತಿನ ಡಾಕ್ಟರಿಗೂ ಅನ್ನಕ್ಕೂ ಏನು ಸಂಬಂಧ ಎಂದು ನಮಗೂ ಅನ್ನಿಸಿತ್ತು. ಮಾತಾಡುವ ನಾಲಗೆ, ತುಟಿ, ಧ್ವನಿತಂತುಗಳೇ ತಾನೆ ನುಂಗುವುದಕ್ಕೂ ಬೇಕಾದವು! ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಈ ತಜ್ಞರಿದ್ದಾರೆ. ದೊಡ್ಡ ಆಸ್ಪತ್ರೆಗಳ ಕಿವಿ-ಮೂಗು-ಗಂಟಲು ವಿಭಾಗ ಅಥವಾ ನರರೋಗ ವಿಭಾಗದಲ್ಲಿ ಕೇಳಿದರೂ ದಾರಿ ತೋರಿಸುತ್ತಾರೆ.

ಮುಖ್ಯ ಪರೀಕ್ಷೆ ಎರಡು. ಒಂದರಲ್ಲಿ ಎಕ್ಸ್‌ರೇಯಲ್ಲಿ ಕಾಣುವ ಬೇರಿಯಂ ಬೆರೆಸಿದ ಆಹಾರವನ್ನು ನುಂಗಿಸಿ, ಅದು ಹೋಗುವ ದಾರಿಯನ್ನು ಚಲಿಸುವ ಎಕ್ಸ್‌ರೇಯಲ್ಲಿ ನೋಡುತ್ತಾರೆ. ಇನ್ನೊಂದರಲ್ಲಿ ತೆಳ್ಳನೆಯ ಕ್ಯಾಮೆರಾ ಕೊಳವೆಯನ್ನು ಮೂಗಿನಿಂದ ಗಂಟಲಿಗಿಳಿಸಿ, ತಿನ್ನುವಾಗ ಏನಾಗುತ್ತಿದೆ ಎಂದು ಮೇಲಿನಿಂದ ನೋಡುತ್ತಾರೆ. ಸದ್ದಿಲ್ಲದೆ ಒಳಗೆ ಹೋಗುವುದು ಗೊತ್ತಾಗುವುದು ಇಂಥ ಪರೀಕ್ಷೆಯಲ್ಲೇ. ಮನೆಯಲ್ಲಿ ನೀರು ಕುಡಿಸಿ "ಪರೀಕ್ಷೆ" ಮಾಡಲು ಹೋಗಬೇಡಿ.

ಕೂರುವುದು, ಕುಡಿಯುವುದು, ಊಟದ ಹೊತ್ತು

ಔಷಧಿಗಿಂತ ಮೊದಲು ಕುರ್ಚಿ. ಬೆನ್ನು ನೇರ, ಪಾದ ನೆಲಕ್ಕೆ ತಾಗಿ, ತಟ್ಟೆ ಎದೆಯ ಎತ್ತರಕ್ಕೆ ಹತ್ತಿರ. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಉಣ್ಣುವ ಅಭ್ಯಾಸವಿರುವ ಹಿರಿಯರಿಗೆ ಇದು ಬೇಸರ ತರುತ್ತದೆ. ಆದರೆ ನೆಲದಲ್ಲಿ ಬೆನ್ನಿಗೆ ಆಸರೆಯಿಲ್ಲದೆ ಮೈ ಬಾಗಿ ಕುತ್ತಿಗೆ ಮುಂದಕ್ಕೆ ಚಾಚುತ್ತದೆ. ಹಾಸಿಗೆಯಲ್ಲೇ ಉಣಿಸಬೇಕಾದರೆ ದಿಂಬುಗಳನ್ನಿಟ್ಟು ಆದಷ್ಟು ನೇರವಾಗಿ ಕೂರಿಸಿ. ಉಂಡ ಮೇಲೆ ಕಡಿಮೆಯೆಂದರೂ ಅರ್ಧ ಗಂಟೆ ಮಲಗಿಸಬೇಡಿ.

ನಮ್ಮ ಕಡೆಯ ಇನ್ನೊಂದು ಅಭ್ಯಾಸ ಇಲ್ಲಿ ಬಲು ಅಪಾಯ. ಎಂಜಲಾಗದಂತೆ ಚೊಂಬು ಎತ್ತಿ, ತಲೆ ಹಿಂದಕ್ಕೆ ಚೆಲ್ಲಿ ನೀರು ಸುರಿದುಕೊಳ್ಳುವುದು. ತಲೆ ಹಿಂದಕ್ಕೆ ಹೋದರೆ ಉಸಿರಿನ ದಾರಿ ಅಗಲವಾಗಿ ತೆರೆದುಕೊಳ್ಳುತ್ತದೆ, ನೀರು ತಡೆಯಿಲ್ಲದೆ ಇಳಿಯುತ್ತದೆ. ಮಾತ್ರೆಯನ್ನು ಬಾಯಿಗೆ ಎಸೆದುಕೊಂಡು ತಲೆ ಎತ್ತಿ ನೀರು ಕುಡಿಯುವುದೂ ಅಷ್ಟೇ. ನಾವು ಒಂದು ಪೇಪರ್ ಲೋಟದ ಅಂಚನ್ನು ಮೂಗಿಗೆ ತಾಗುವ ಕಡೆ ಅರ್ಧಚಂದ್ರದಂತೆ ಕತ್ತರಿಸಿದೆವು. ಲೋಟ ಪೂರ್ತಿ ಬಾಗಿಸಿದರೂ ಅಂಚು ಮೂಗಿಗೆ ತಾಗುವುದಿಲ್ಲ, ತಲೆ ಎತ್ತುವ ಅಗತ್ಯವೇ ಬರುವುದಿಲ್ಲ. ಇಂಥ ಲೋಟಗಳು ಅಂಗಡಿಯಲ್ಲೂ ಸಿಗುತ್ತವೆ. ನಮಗೆ ಕತ್ತರಿಯೇ ಸಾಕಾಯಿತು.

ಗದ್ದವನ್ನು ಸ್ವಲ್ಪ ಎದೆಯ ಕಡೆ ಬಾಗಿಸಿ ನುಂಗುವುದು ಹಲವರಿಗೆ ಅನುಕೂಲ. ಎಲ್ಲರಿಗೂ ಅಲ್ಲ, ಕೆಲವರಿಗೆ ಇದರಿಂದ ತೊಂದರೆ ಹೆಚ್ಚುತ್ತದೆ. ತಜ್ಞರು ನೋಡಿ ಹೇಳಿದರೆ ಮಾತ್ರ ರೂಢಿ ಮಾಡಿ.

ಉಣಿಸುವವರು ನಿಂತುಕೊಂಡು ಉಣಿಸಬಾರದು. ನಿಂತರೆ ಅವರು ತಲೆ ಎತ್ತಿ ನಮ್ಮ ಮುಖ ನೋಡುತ್ತಾರೆ, ಮತ್ತೆ ಅದೇ ಅಪಾಯ. ಎದುರಿಗೆ, ಅವರ ಕಣ್ಣಿನ ಮಟ್ಟದಲ್ಲಿ ಕೂರಿ. ಟೀ ಚಮಚದಷ್ಟು ತುತ್ತು ಕೊಡಿ. ಗಂಟಲಿನ ಉಬ್ಬು ಮೇಲೆ ಹೋಗಿ ಇಳಿಯಿತೇ ನೋಡಿ, ಬಾಯಿ ಖಾಲಿಯಾಯಿತೇ ನೋಡಿ, ಆಮೇಲೆ ಇನ್ನೊಂದು. ಟಿವಿ ಆರಿಸಿ. ಬಾಯಲ್ಲಿ ತುತ್ತಿರುವಾಗ ಪ್ರಶ್ನೆ ಕೇಳಬೇಡಿ, ನಗಿಸಬೇಡಿ. ಮನೆಗೆ ಬಂದ ನೆಂಟರಿಗೆ ಇದನ್ನು ಹೇಳುವುದೇ ಕಷ್ಟ. "ಹೇಗಿದೀಯಪ್ಪಾ" ಎಂದು ಕೇಳಿದವರಿಗೆ ಉತ್ತರ ಕೊಡದಿರಲು ಅಪ್ಪನ ಮರ್ಯಾದೆ ಒಪ್ಪುವುದಿಲ್ಲ, ಉತ್ತರ ಕೊಡಲು ಹೋದರೆ ಕೆಮ್ಮು. ಈಗ ನೆಂಟರಿಗೆ ಕಾಫಿ ಕೊಟ್ಟು ಹೊರಗಿನ ಹಜಾರದಲ್ಲಿ ಕೂರಿಸುತ್ತೇವೆ, ಅಪ್ಪನ ಊಟ ಮುಗಿದ ಮೇಲೆ ಮಾತು.

ತೂಕಡಿಸುತ್ತಿರುವವರಿಗೆ ಊಟ ಕೊಡಲೇಬೇಡಿ. ಒಂದು ಹೊತ್ತಿನ ಊಟ ತಡವಾದರೂ ನಡೆಯುತ್ತದೆ.

ಪಾರ್ಕಿನ್ಸನ್‌ನವರಿಗೆ ಮಾತ್ರೆಯ ಹೊತ್ತು ಕೂಡ ಮುಖ್ಯ. ಲೆವೊಡೋಪಾ ಎಂಬ ಪಾರ್ಕಿನ್ಸನ್ ಔಷಧಿ ಕೆಲಸ ಮಾಡುವ ಹೊತ್ತಿನಲ್ಲಿ ಕೈಕಾಲಿನಂತೆ ಗಂಟಲೂ ಸ್ವಲ್ಪ ಸಡಿಲವಾಗಿರಬಹುದು. ಅದಕ್ಕೆ ಊಟಕ್ಕೆ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಮೊದಲು ಮಾತ್ರೆ ಕೊಡಲು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ಬೇಳೆ, ಹಾಲು, ಮೊಟ್ಟೆಯ ಪ್ರೋಟೀನು ಅದರ ಹೀರಿಕೆಗೆ ಅಡ್ಡ ಬರುವುದೂ ಒಂದು ಕಾರಣ. ನಸುಗುನ್ನಿ ಬೀಜದಲ್ಲೂ ಲೆವೊಡೋಪಾ ಇದೆ ಎಂಬುದು ನಿಜ. ಹಾಗೆಂದೇ ಮಾತ್ರೆಯ ಜೊತೆ ಅದರ ಪುಡಿಯನ್ನೂ ಸ್ವಂತ ಲೆಕ್ಕದಲ್ಲಿ ಸೇರಿಸಿದರೆ ಔಷಧಿ ಮಿತಿಮೀರುತ್ತದೆ. ನುಂಗಲು ಕಷ್ಟವೆಂದು ಮಾತ್ರೆ ಪುಡಿ ಮಾಡುವ ಮುನ್ನವೂ ಕೇಳಿ. ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಯನ್ನು ಪುಡಿ ಮಾಡಿದರೆ ಹಲವು ಗಂಟೆಗಳಲ್ಲಿ ಸೇರಬೇಕಾದ ಔಷಧಿ ಒಮ್ಮೆಗೇ ಮೈಗೆ ಸೇರುತ್ತದೆ.

ಮುದ್ದೆಯ ವಿಚಾರ

ಹಳೇ ಮೈಸೂರಿನ ಕಡೆಯ ಮನೆಗಳಲ್ಲಿ ಇದು ಬಂದೇ ಬರುತ್ತದೆ, ಹಾಗಾಗಿ ಮೊದಲೇ ಹೇಳುತ್ತೇನೆ. ರಾಗಿಮುದ್ದೆಯನ್ನು ನಾವು ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಹೊರಳಿಸಿ, ಹಾಗೇ ನುಂಗುತ್ತೇವೆ. ಅಗಿದರೆ ನಗುತ್ತಾರೆ. ಆರೋಗ್ಯವಂತ ಗಂಟಲಿಗೆ ಅದು ಸುಖ. ನಿಧಾನವಾದ ಗಂಟಲಿಗೆ ಅಗಿಯದ, ಅಂಟುವ, ಇಡಿಯಾದ ತುತ್ತು ಅಂದರೆ ಕೊಳವೆಗೆ ಬಿರಡೆ ಹಾಕಿದಂತೆ. ಐವತ್ತು ವರ್ಷ ದಿನವೂ ಮುದ್ದೆ ಉಂಡ ಅಪ್ಪನಿಗೆ ಇದನ್ನು ಹೇಳಲು ನಾವು ಮೂರು ದಿನ ತಡಮಾಡಿದೆವು.

ಅಂಟುವುದು ಮಾತ್ರವಲ್ಲ, ಪುಡಿಯಾಗುವುದೂ ಅಪಾಯ. ಒಣ ಉಪ್ಪಿಟ್ಟು, ಮಂಡಕ್ಕಿ, ನಿಪ್ಪಟ್ಟು, ಹುರಿಗಡಲೆ, ಚಿತ್ರಾನ್ನದ ಕಡಲೆಬೀಜ, ಒಗ್ಗರಣೆಯ ಕರಿಬೇವು ಬಾಯಲ್ಲಿ ಚೆದುರಿ ಗಂಟಲಲ್ಲಿ ಕೂರುತ್ತವೆ. ನುಗ್ಗೆಕಾಯಿಯ ನಾರು ಬೇಡ. ಎಲ್ಲಕ್ಕಿಂತ ಮೋಸದ್ದು ತಿಳಿಸಾರನ್ನ. ಮೆತ್ತಗಿದೆಯಲ್ಲ ಎಂದು ಅದನ್ನೇ ಮೊದಲು ಕೊಡುತ್ತೇವೆ. ಆದರೆ ಅಲ್ಲಿ ಎರಡು ರೈಲು ಒಟ್ಟಿಗೆ ಬರುತ್ತವೆ: ಅಗಳು ಇನ್ನೂ ಬಾಯಲ್ಲಿರುವಾಗಲೇ ಸಾರು ಗಂಟಲಿಗೆ ಇಳಿದಿರುತ್ತದೆ. ಹಾಲಿಗೆ ಅದ್ದಿದ ಬ್ರೆಡ್ಡಿನಲ್ಲಿ ಹಾಲು ತೊಟ್ಟಿಕ್ಕುತ್ತಿದ್ದರೆ ಅದೂ ಹೀಗೇ.

ಒಂದೇ ಹದದ, ಒದ್ದೆಯಾದ, ಚಮಚದಲ್ಲಿ ಆಕಾರ ಕೆಡದ ಆಹಾರ ಒಳ್ಳೆಯದು. ನುಣ್ಣಗೆ ಕಿವುಚಿದ ಮೊಸರನ್ನ, ಹೆಸರುಬೇಳೆ ಹುಗ್ಗಿ, ಮಸಾಲೆ ತಗ್ಗಿಸಿ ಚೆನ್ನಾಗಿ ಬೇಯಿಸಿ ಕಿವುಚಿದ ಬಿಸಿಬೇಳೆಬಾತ್, ಗಟ್ಟಿ ಸಾಂಬಾರಿನಲ್ಲಿ ನೆನೆಸಿ ಹಿಸುಕಿದ ಇಡ್ಲಿ, ಕಿವುಚಿದ ಬಾಳೆಹಣ್ಣು, ಬೇಯಿಸಿ ಅರೆದ ಕುಂಬಳಕಾಯಿ. ಅಪ್ಪನಿಗೆ ರಾಗಿಯ ರುಚಿ ತಪ್ಪಬಾರದೆಂದು ಅಮ್ಮ ಮುದ್ದೆಯ ಬದಲು ಗಟ್ಟಿ ರಾಗಿ ಅಂಬಲಿ ಕಾಯಿಸಿ, ಅದಕ್ಕೆ ಸೋಸಿದ ಬಸ್ಸಾರು ಬೆರೆಸಿ, ಒಂದೇ ಹದಕ್ಕೆ ತಂದರು.

ಅಂಬಲಿಯಿಂದಲೇ ಇನ್ನೊಂದು ಪಾಠ ಕಲಿತೆವು. ಮೊದಲ ಚಮಚಕ್ಕೆ ಗಟ್ಟಿಯಿದ್ದ ಅಂಬಲಿ ಬಟ್ಟಲಿನ ತಳ ಕಾಣುವ ಹೊತ್ತಿಗೆ ನೀರಾಗಿರುತ್ತಿತ್ತು, ಕೊನೆಯ ಚಮಚಗಳಿಗೆ ಕೆಮ್ಮು ಬರುತ್ತಿತ್ತು. ಉಗುಳಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ, ಬಾಯಿಗೆ ಹೋಗಿ ಬಂದ ಚಮಚದ ಜೊತೆ ಅದು ಬಟ್ಟಲಿಗೂ ಸೇರುತ್ತದೆ. ಈಗ ದೊಡ್ಡ ಪಾತ್ರೆಯಿಂದ ನಾಲ್ಕು ನಾಲ್ಕು ಚಮಚದಷ್ಟನ್ನೇ ಬೇರೆ ಬಟ್ಟಲಿಗೆ ಹಾಕಿಕೊಳ್ಳುತ್ತೇವೆ.

ನೀರು, ಕಾಫಿ, ಎಳನೀರನ್ನು ಗಟ್ಟಿಯಾಗಿಸುವ ಪುಡಿಗಳು ಔಷಧಿ ಅಂಗಡಿಯಲ್ಲಿ ಸಿಗುತ್ತವೆ. ಕೆಲವು ಪಿಷ್ಟದವು, ಕೆಲವು ಕ್ಸಾಂಥನ್ ಗಮ್ಮಿನವು. ಎರಡನೆಯದಕ್ಕೆ ಅಮೈಲೇಸಿನ ಕಾಟವಿಲ್ಲ. ಎಷ್ಟು ಗಟ್ಟಿ ಎನ್ನುವುದಕ್ಕೆ ಲೋಕದಾದ್ಯಂತ ಒಪ್ಪಿಕೊಂಡ ಒಂದು ಅಳತೆಯಿದೆ, ಐಡಿಡಿಎಸ್‌ಐ ಎಂದು ಹೆಸರು. ಪಾನೀಯಕ್ಕೆ 0ಯಿಂದ 4, ಆಹಾರಕ್ಕೆ 3ರಿಂದ 7ರವರೆಗೆ ಹಂತಗಳು. ಮನೆಯಲ್ಲೇ ಪರೀಕ್ಷಿಸಬಹುದು: 10 ಮಿಲಿಲೀಟರಿನ ಸಿರಿಂಜಿನ ಒಳದಂಡ ತೆಗೆದು, ತುದಿಗೆ ಬೆರಳು ಹಿಡಿದು, 10ರ ಗೆರೆಯವರೆಗೆ ಪಾನೀಯ ತುಂಬಿಸಿ ಬೆರಳು ಬಿಡಿ. ಹತ್ತು ಸೆಕೆಂಡಿನ ಮೇಲೆ ಎಷ್ಟು ಉಳಿದಿದೆ ನೋಡಿ. 1ರಿಂದ 4 ಮಿಲಿಲೀಟರ್ ಉಳಿದರೆ 1ನೇ ಹಂತ, 4ರಿಂದ 8 ಉಳಿದರೆ ಎರಡನೆಯದು, 8ಕ್ಕಿಂತ ಹೆಚ್ಚು ಉಳಿದರೆ ಮೂರನೆಯದು, ಒಂದು ಹನಿಯೂ ಇಳಿಯದಿದ್ದರೆ ನಾಲ್ಕನೆಯದು. ಎಲ್ಲ ಸಿರಿಂಜುಗಳೂ ಒಂದೇ ಉದ್ದವಿರುವುದಿಲ್ಲ. 0ಯಿಂದ 10ರ ಗೆರೆಗೆ 61.5 ಮಿಲಿಮೀಟರ್ ಇರುವುದನ್ನೇ ಬಳಸಬೇಕು.

ಆದರೆ ಗಟ್ಟಿ ನೀರನ್ನು ನೀವಾಗಿಯೇ ಶುರು ಮಾಡಬೇಡಿ. ಅದರ ರುಚಿ ಹಿಡಿಸದೆ ಜನ ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಮೈ ಒಣಗುತ್ತದೆ, ಮೊದಲೇ ಇರುವ ಮಲಬದ್ಧತೆ ಹೆಚ್ಚುತ್ತದೆ, ಮೂತ್ರದ ಸೋಂಕು ಬರಬಹುದು. ತುಂಬ ಗಟ್ಟಿಯಾದದ್ದು ಗಂಟಲಲ್ಲಿ ಉಳಿದುಕೊಳ್ಳುವುದೂ ಹೆಚ್ಚು. ಯಾರಿಗೆ ಯಾವ ಹಂತ ಎಂಬುದು ಪರೀಕ್ಷೆ ಮಾಡಿದವರು ಹೇಳಬೇಕಾದ ಮಾತು.

ಬಾಯಿ ತೊಳೆಯುವುದು, ರಾತ್ರಿಯ ಕೆಮ್ಮು

ಉಗುಳು ಸ್ವಲ್ಪ ಒಳಗೆ ಜಾರುವುದನ್ನು ಪೂರ್ತಿ ತಡೆಯಲಾಗುವುದಿಲ್ಲ. ಅದರಲ್ಲಿರುವ ಕೊಳಕನ್ನು ಕಡಿಮೆ ಮಾಡಬಹುದು. ದಿನಕ್ಕೆ ಎರಡು ಸಲ ಹಲ್ಲು, ಒಸಡು, ನಾಲಗೆ ಉಜ್ಜುವುದು, ಪ್ರತಿ ಊಟದ ಮೇಲೆ ಕೆನ್ನೆಯೊಳಗೆ ಅನ್ನ ಉಳಿದಿದೆಯೇ ನೋಡುವುದು, ಕಟ್ಟಿಸಿದ ಹಲ್ಲನ್ನು ರಾತ್ರಿ ತೆಗೆದು ತೊಳೆದಿಡುವುದು. ಬಾಯಿ ಸ್ವಚ್ಛವಿದ್ದರೆ ನ್ಯುಮೋನಿಯಾದ ಸಂಭವ ತಗ್ಗುತ್ತದೆ. ಬಾಯಿ ಮುಕ್ಕಳಿಸಲು ಆಗದವರಿಗೆ ಒದ್ದೆ ಬಟ್ಟೆಯನ್ನು ಬೆರಳಿಗೆ ಸುತ್ತಿ ಒರೆಸಬಹುದು.

ಮಲಗಿದಾಗ ಕೆಮ್ಮು ಬರುವವರಿಗೆ ಮಂಚದ ತಲೆಯ ಕಡೆ ಎತ್ತರಿಸಿ, ಮಗ್ಗುಲಾಗಿ ಮಲಗಿಸಿ. ಜೊಲ್ಲು ತೀರಾ ಹೆಚ್ಚಿದ್ದರೆ ಅದನ್ನು ಕಡಿಮೆ ಮಾಡುವ ಔಷಧಿ, ಲಾಲಾಗ್ರಂಥಿಗೆ ಬೊಟುಲಿನಂ ಚುಚ್ಚುಮದ್ದು ಇವೆ. ಕೆಲವು ಮಾತ್ರೆಗಳಿಂದ ಹಿರಿಯರಿಗೆ ಮರೆವು, ಗೊಂದಲ ಬರುತ್ತದೆ, ಕಫ ಗಟ್ಟಿಯಾಗಿ ಎತ್ತಿಹಾಕಲಾಗದೆ ಹೋಗುತ್ತದೆ. ಹಾಗಾಗಿ ತೂಗಿ ನೋಡಿ ಕೊಡುತ್ತಾರೆ.

ಉಸಿರಾಟ ವೇಗವಾದರೆ, ಜ್ವರ ಬಂದರೆ, ಇದ್ದಕ್ಕಿದ್ದಂತೆ ಮಂಕಾದರೆ ಅಥವಾ ಗೊಂದಲಗೊಂಡರೆ ಅವತ್ತೇ ವೈದ್ಯರಿಗೆ ತೋರಿಸಿ. ವಯಸ್ಸಾದವರಲ್ಲಿ ನ್ಯುಮೋನಿಯಾ ಜ್ವರವಿಲ್ಲದೆಯೂ ಬರುತ್ತದೆ.

ಉಸಿರು ಕಟ್ಟಿದಾಗ

ಮೊದಲು ಒಂದೇ ಪ್ರಶ್ನೆ: ಕೆಮ್ಮಿನಲ್ಲಿ ಸದ್ದಿದೆಯೇ?

ಸದ್ದಿದ್ದರೆ ಗಾಳಿ ಓಡಾಡುತ್ತಿದೆ. ಅವರನ್ನು ಮುಂದಕ್ಕೆ ಬಾಗಿಸಿ, ಮೊಣಕೈಗಳನ್ನು ಮೇಜಿನ ಮೇಲೆ ಊರಿಸಿ, "ಕೆಮ್ಮಿ, ಚೆನ್ನಾಗಿ ಕೆಮ್ಮಿ" ಎಂದು ಹೇಳಿ. ಬಾಯಲ್ಲಿ ಉಳಿದದ್ದನ್ನು ಉಗಿಯಲಿ. ನೀರು ಬೇಡ. ಬೆನ್ನಿಗೆ ಗುದ್ದುವುದು ಬೇಡ. ಕೈ ಹಿಡಿದುಕೊಂಡು ಜೊತೆಗಿರಿ.

ಸದ್ದಿಲ್ಲದಿದ್ದರೆ, ಮಾತು ಹೊರಡದಿದ್ದರೆ, ಕೈ ಗಂಟಲಿಗೆ ಹೋಗಿದ್ದರೆ, ತುಟಿ ನೀಲಿಯಾಗುತ್ತಿದ್ದರೆ ಒಂದು ಕ್ಷಣವೂ ತಡಮಾಡಬೇಡಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ನೀವು ಅವರ ಪಕ್ಕಕ್ಕೆ, ಸ್ವಲ್ಪ ಹಿಂದಕ್ಕೆ ನಿಂತು, ಒಂದು ಕೈಯಿಂದ ಎದೆಗೆ ಆಸರೆ ಕೊಟ್ಟು ಮುಂದಕ್ಕೆ ಬಾಗಿಸಿ, ಇನ್ನೊಂದು ಅಂಗೈಯ ಬುಡದಿಂದ ಎರಡು ಹೆಗಲ ಮೂಳೆಗಳ ನಡುವೆ ಐದು ಸಲ ಬಲವಾಗಿ ಹೊಡೆಯಿರಿ. ಬರದಿದ್ದರೆ ಹಿಂದೆ ನಿಂತು, ಹೊಕ್ಕುಳಕ್ಕಿಂತ ಮೇಲೆ, ಎದೆಮೂಳೆಗಿಂತ ಕೆಳಗೆ ಒಂದು ಮುಷ್ಟಿ ಇಟ್ಟು, ಇನ್ನೊಂದು ಕೈಯಿಂದ ಅದನ್ನು ಹಿಡಿದು, ಒಳಕ್ಕೂ ಮೇಲಕ್ಕೂ ಐದು ಸಲ ಜೋರಾಗಿ ಎಳೆಯಿರಿ. ಐದು ಏಟು, ಐದು ಎಳೆತ. ಹೊರಗೆ ಬರುವವರೆಗೆ ಹೀಗೇ ಮಾಡುತ್ತಿರಿ. ಗಾಲಿಕುರ್ಚಿಯಲ್ಲಿದ್ದರೆ ಬ್ರೇಕ್ ಹಾಕಿ ಹಿಂದಿನಿಂದಲೇ ಮಾಡಬಹುದು. ಕಾಣದ ತುತ್ತನ್ನು ಹುಡುಕುತ್ತಾ ಬಾಯೊಳಗೆ ಬೆರಳು ಹಾಕಬೇಡಿ, ಇನ್ನೂ ಆಳಕ್ಕೆ ಹೋಗುತ್ತದೆ. ಪ್ರಜ್ಞೆ ತಪ್ಪಿದರೆ ನೆಲದ ಮೇಲೆ ಅಂಗಾತ ಮಲಗಿಸಿ ಎದೆ ಒತ್ತುವ ಸಿಪಿಆರ್ ಶುರು ಮಾಡಿ. ಎಲ್ಲ ಸರಿಯಾದರೂ, ಹೊಟ್ಟೆ ಎಳೆದ ಮೇಲೆ ಒಳಗೆ ಪೆಟ್ಟಾಗಿರಬಹುದು, ವೈದ್ಯರಿಗೆ ತೋರಿಸಲೇಬೇಕು.

ಓದಿದ್ದು ಆ ಹೊತ್ತಿಗೆ ಕೈಗೆ ಬರುವುದಿಲ್ಲ. ಪ್ರಥಮ ಚಿಕಿತ್ಸೆ ಬಲ್ಲವರಿಂದ ಮನೆಯ ಇಬ್ಬರಾದರೂ ಒಮ್ಮೆ ಕಲಿಯಿರಿ, ಅಡುಗೆ ಮಾಡುವವರೂ ಸೇರಿ.

ಪೈಪಿನ ಮಾತು

ಬಾಯಿಂದ ಸಾಕಷ್ಟು ಹೋಗದಿದ್ದಾಗ ಕೊಳವೆಯ ಮಾತು ಬರುತ್ತದೆ. ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬ್ ಕೆಲವು ವಾರಗಳ ಮಟ್ಟಿಗೆ. ಹೆಚ್ಚು ಕಾಲ ಬೇಕಾದರೆ ಎಂಡೋಸ್ಕೋಪಿಯ ಸಹಾಯದಿಂದ ಹೊಟ್ಟೆಗೇ ಸಣ್ಣ ರಂಧ್ರ ಮಾಡಿ ಕೂರಿಸುವ ಪೆಗ್ ಟ್ಯೂಬ್. ಪೈಪು ಹಾಕಿದರೆ ಕೆಮ್ಮು, ನ್ಯುಮೋನಿಯಾ ಪೂರ್ತಿ ನಿಲ್ಲುತ್ತದೆ ಎಂದು ತುಂಬ ಮನೆಯವರು ನಂಬಿರುತ್ತಾರೆ. ಹಾಗಾಗುವುದಿಲ್ಲ. ಉಗುಳು ಆಗಲೂ ಜಾರುತ್ತದೆ, ಹೊಟ್ಟೆಯದ್ದು ಮೇಲಕ್ಕೂ ಬರಬಹುದು. ಪೈಪಿನಿಂದ ಸಿಗುವುದು ಪೋಷಣೆ, ನೀರು, ಔಷಧಿ ಹೊತ್ತಿಗೆ ಸರಿಯಾಗಿ ಹೋಗುವ ಭರವಸೆ.

ಮೋಟಾರ್ ನ್ಯೂರಾನ್ ಕಾಯಿಲೆಯಲ್ಲಿ ಉಸಿರಾಟ ತೀರಾ ಕುಂದುವ ಮೊದಲೇ ಪೆಗ್ ಬಗ್ಗೆ ನಿರ್ಧರಿಸುವುದು ಸುರಕ್ಷಿತ. ಮರೆವಿನ ಕಾಯಿಲೆಯ ಕೊನೆಯ ಹಂತದಲ್ಲಾದರೆ ಪೈಪಿನಿಂದ ಆಯಸ್ಸು ಹೆಚ್ಚಿದ್ದಕ್ಕೆ ಆಧಾರವಿಲ್ಲ. ಅಲ್ಲಿ ತಿನ್ನುವಷ್ಟನ್ನು ಕೈಯಾರೆ, ನಿಧಾನವಾಗಿ ತಿನ್ನಿಸುವುದನ್ನೇ ವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತವೆ. ಪಾರ್ಕಿನ್ಸನ್ ಇವೆರಡರ ನಡುವೆ ಬರುತ್ತದೆ, ಒಬ್ಬೊಬ್ಬರದು ಒಂದೊಂದು ಲೆಕ್ಕ.

ಪೈಪು ಬೇಕೇ ಎಂದು ಕಾಯಿಲೆ ಇರುವವರನ್ನೇ, ಅವರ ಮಾತು ಸ್ಪಷ್ಟವಾಗಿರುವಾಗಲೇ ಕೇಳುವುದೊಳ್ಳೆಯದು ಎಂದು ನಮ್ಮ ವಾಕ್ ಚಿಕಿತ್ಸಕರು ಹೇಳಿದ್ದರು. ಒಂದು ಭಾನುವಾರ ಬೆಳಿಗ್ಗೆ, ಮಾತ್ರೆ ಕೆಲಸ ಮಾಡಿ ಅಪ್ಪನ ದನಿ ಚೆನ್ನಾಗಿದ್ದ ಹೊತ್ತಿನಲ್ಲಿ, ಅಮ್ಮ ನಾನು ಇಬ್ಬರೂ ಕೂತು ಕೇಳಿದೆವು. ಅಪ್ಪ ತುಂಬ ಹೊತ್ತು ಕಿಟಕಿಯ ಕಡೆ ನೋಡುತ್ತಿದ್ದರು. ಆಮೇಲೆ, "ಬೇಕಾದ್ರೆ ಹೊಟ್ಟೆಗೆ ಹಾಕ್ಸಿ, ಮೂಗಿಗೆ ಬೇಡ. ಆದ್ರೆ ಬೆಳಗಿನ ಕಾಫಿ ಮಾತ್ರ ಪೈಪಿಗೆ ಸುರೀಬೇಡಿ. ಒಂದು ಹನಿ ಆದ್ರೂ ನಾಲಗೆ ಮೇಲೇ ಇಡಿ" ಅಂದರು. ಹಾಗೆ ರುಚಿಗಷ್ಟೇ ಒಂದು ಹನಿ ಇಡಬಹುದೇ ಎಂದು ಮುಂದಿನ ಭೇಟಿಯಲ್ಲಿ ಕೇಳಿದೆವು. ಬಾಯಿ ಚೆನ್ನಾಗಿ ತೊಳೆದು, ನೇರವಾಗಿ ಕೂರಿಸಿ, ಚಮಚದ ತುದಿಯಲ್ಲಿ ಇಡಬಹುದು ಅಂದರು. ಅಮ್ಮ ಅಪ್ಪನ ಮಾತನ್ನು ಆಸ್ಪತ್ರೆ ಫೈಲಿನ ಮೊದಲ ಹಾಳೆಯಲ್ಲಿ, ತಾರೀಕು ಹಾಕಿ, ಅವರ ಬಾಯಲ್ಲಿ ಬಂದ ಹಾಗೇ ಬರೆದಿಟ್ಟಿದ್ದಾರೆ.